ಪ್ಯಾಂಗಾಂಗ್ ತ್ಸೋ: ಚಲನಚಿತ್ರ ತೋರಿಸದ ಎತ್ತರ

2009ರ ಡಿಸೆಂಬರ್ 25ರಂದು ತೆರೆಕಂಡ ‘ತ್ರೀ ಈಡಿಯಟ್ಸ್’ ಹಿಂದಿ ಚಿತ್ರದ ಕೊನೆಯ ದೃಶ್ಯವನ್ನು ಮರೆತವರು ವಿರಳ. ಮದುಮಗಳ ಉಡುಪಿನಲ್ಲೇ ಸ್ಕೂಟರ್ ಏರಿ ಬರುವ ನಾಯಕಿ, ಅವಳ ಹಿಂದೆ ಕಡುನೀಲಿ ನೀರು, ಅದರಾಚೆ ಒಂದು ಗಿಡವೂ ಇಲ್ಲದ ಬೋಳು ಪರ್ವತಗಳು. ಅದುವೇ ಲಡಾಖಿನ ಪ್ಯಾಂಗಾಂಗ್ ತ್ಸೋ. ಅಲ್ಲಿನ ಭಾಷೆಯಲ್ಲಿ ‘ತ್ಸೋ’ ಎಂದರೆ ಸರೋವರ, ‘ಲಾ’ ಎಂದರೆ ಕಣಿವೆದಾರಿ. 1998ರ ‘ದಿಲ್ ಸೇ’ ಚಿತ್ರದ ಹಾಡೊಂದರಲ್ಲಿ ಈ ಸರೋವರ ಅದಕ್ಕೂ ಮೊದಲೇ ಕಾಣಿಸಿಕೊಂಡಿತ್ತು. ಆದರೆ ಜನಸಾಮಾನ್ಯರು ಅದನ್ನು ಹುಡುಕಿಕೊಂಡು ಹೊರಟದ್ದು ಆಮಿರ್ ಖಾನ್ ಅಲ್ಲಿ ನಿಂತ ಮೇಲೆಯೇ. ನಮ್ಮ ಬ್ಯಾಂಕ್ ವಲಯದಲ್ಲಂತೂ ಎಲ್.ಎಫ್.ಸಿ. ಎಂದೊಡನೆ ಹಿಂದೆ ಊಟಿ, ಕನ್ಯಾಕುಮಾರಿ ಎನ್ನುತ್ತಿದ್ದವರು ಈಗ ಲೇಹ್ ಎನ್ನುತ್ತಾರೆ.

ಹೋಗಿ ಬಂದವನೆಂಬ ಕಾರಣಕ್ಕೆ ವಡಾಲದ ಪರಿಚಿತ ಕುಟುಂಬಗಳು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಸರೋವರ ಚಿತ್ರದಲ್ಲಿ ಕಂಡಂತೆಯೇ ಇದೆಯೇ?” ಇದೆ, ಅದಕ್ಕಿಂತಲೂ ಚೆಲುವಾಗಿದೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಲೇಹ್ ತಲುಪಿದ ಎಷ್ಟನೆಯ ದಿನ ಅಲ್ಲಿಗೆ ಹೊರಡಬೇಕು?

ಚಿತ್ರದಲ್ಲಿ ಶಾಲೆಯೂ ಸರೋವರವೂ ಅಕ್ಕಪಕ್ಕದಲ್ಲಿರುವಂತೆ ಭಾಸವಾಗುತ್ತದೆ. ವಾಸ್ತವದಲ್ಲಿ ಆ ಶಾಲೆ ಇರುವುದು ಲೇಹ್ ಸಮೀಪದ ಶೇ ಗ್ರಾಮದಲ್ಲಿ. ಅಲ್ಲಿಂದ ಕಾರು, ಶಕ್ತಿ ಗ್ರಾಮಗಳನ್ನು ಹಾದು ಚಾಂಗ್ ಲಾ ಏರಿ, ದುರ್ಬುಕ್, ತಾಂಗ್ತ್ಸೆ ದಾಟಿ ಲುಕುಂಗ್ ತಲುಪಿದರೆ ಮಾತ್ರ ಸರೋವರ ಸಿಗುತ್ತದೆ. ಸುಮಾರು ಐದು ಗಂಟೆಗಳ ಮಾರ್ಗ. ಲೇಹ್ ಪಟ್ಟಣ ಸಮುದ್ರಮಟ್ಟದಿಂದ 3,500 ಮೀಟರ್ ಎತ್ತರದಲ್ಲಿದೆ, ಸರೋವರ ಸುಮಾರು 4,250 ಮೀಟರ್. ನಡುವಿನ ಚಾಂಗ್ ಲಾ 5,300 ಮೀಟರಿಗೂ ಮಿಗಿಲು. ಸಂಕಲನಕಾರನ ಕತ್ತರಿ ಮಾಯಮಾಡಿದ್ದು ಈ ಕಣಿವೆದಾರಿಯನ್ನು.

ನಾವು ಮುಂಬಯಿಯವರು ಸಮುದ್ರದ ಅಂಚಿನಲ್ಲೇ ಬಾಳುವವರು. ಬೆಳಿಗ್ಗೆ ವಿಮಾನ ಏರಿದರೆ ದೆಹಲಿಯ ಮಾರ್ಗವಾಗಿ ಅರ್ಧ ದಿನದಲ್ಲಿ ಮೂರೂವರೆ ಸಾವಿರ ಮೀಟರ್ ಮೇಲಿರುತ್ತೇವೆ. ಅಲ್ಲಿನ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆ ಎನ್ನುವುದು ರೂಢಿಯ ಮಾತು. ಪ್ರಮಾಣ ಎಲ್ಲೆಡೆಯೂ ಶೇಕಡಾ 21ರಷ್ಟೇ; ಕಡಿಮೆಯಾಗುವುದು ಗಾಳಿಯ ಒತ್ತಡ. ಪ್ಯಾಂಗಾಂಗ್ ದಡದಲ್ಲಿ ಅದು ವಡಾಲದಲ್ಲಿರುವುದರ ಶೇಕಡಾ 60ರಷ್ಟು ಮಾತ್ರ, ಚಾಂಗ್ ಲಾದಲ್ಲಿ ಹೆಚ್ಚುಕಡಿಮೆ ಅರ್ಧ. ಒಂದು ಉಸಿರಿಗೆ ಒಳಹೋಗುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಗೃಹಿಣಿಯರಿಗೆ ಇದು ಬೇಗ ಅರ್ಥವಾಗುತ್ತದೆ: ಅಲ್ಲಿ ನೀರು 86 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ ಸರಿಯಾಗಿ ಬೇಯುವುದಿಲ್ಲ, ಬೇಳೆಯಂತೂ ಕರಗುವುದೇ ಇಲ್ಲ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಕಾಲಾವಕಾಶ ಬೇಕು. ಲೇಹ್‌ನಲ್ಲಿ ಕನಿಷ್ಠ ಎರಡು ದಿನ ಪೂರ್ಣ ವಿಶ್ರಾಂತಿ ಅಗತ್ಯ. ತಲೆನೋವು, ವಾಕರಿಕೆ, ನಿದ್ರಾಹೀನತೆ ಕಾಣಿಸಿದರೆ ಇನ್ನೂ ಮೇಲೇರಕೂಡದು; ಅವು ಹೆಚ್ಚಾದರೆ ಕೆಳಗಿಳಿಯುವುದೇ ಮುಖ್ಯ ಚಿಕಿತ್ಸೆ. ಯುವಕರಿಗೆ, ವ್ಯಾಯಾಮ ಮಾಡುವವರಿಗೆ ಈ ತೊಂದರೆ ಬಾರದೆಂಬುದು ಭ್ರಮೆ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕಾಣಬೇಕು. ಡಯಾಮಾಕ್ಸ್ ಮಾತ್ರೆಯನ್ನೂ ಅವರನ್ನು ಕೇಳಿಯೇ ಸೇವಿಸಬೇಕು. ಸಮಯವಿದ್ದವರಿಗೆ ಶ್ರೀನಗರದಿಂದ ಕಾರ್ಗಿಲ್ ಮಾರ್ಗವಾಗಿ ರಸ್ತೆಯಲ್ಲಿ ಹೋಗುವುದು ಲೇಸು. ಎತ್ತರ ಮೆಲ್ಲಮೆಲ್ಲನೆ ಏರುತ್ತದೆ.

ನಮ್ಮದು ಒಂಬತ್ತು ಮಂದಿಯ ತಂಡ. ಪ್ರವಾಸ ಸಂಸ್ಥೆಯವರು ಮೊದಲು ಕೊಟ್ಟ ಕಾರ್ಯಕ್ರಮ ಪಟ್ಟಿಯಲ್ಲಿ ಎರಡನೆಯ ದಿನವೇ ಪ್ಯಾಂಗಾಂಗ್ ಎಂದಿತ್ತು. ಹಟಹಿಡಿದು ಅದನ್ನು ನಾಲ್ಕನೆಯ ದಿನಕ್ಕೆ ಬದಲಿಸಿಕೊಂಡೆವು. ಆದರೂ 63 ವರ್ಷದ ನನ್ನ ಅಕ್ಕನಿಗೆ ಮೂರನೆಯ ರಾತ್ರಿಯೂ ತಲೆನೋವು ಇಳಿಯಲಿಲ್ಲ. ಲೇಹ್‌ನ ವೈದ್ಯರು ಬೆರಳಿಗೆ ಉಪಕರಣ ಸಿಕ್ಕಿಸಿ ನೋಡಿ, ಮೇಲೆ ಹೋಗುವುದು ಬೇಡವೆಂದರು. ಮೊಮ್ಮಕ್ಕಳೊಡನೆ ಆ ಚಿತ್ರವನ್ನು ಎಷ್ಟೋ ಬಾರಿ ನೋಡಿ, ನಮ್ಮೆಲ್ಲರಿಗಿಂತ ಹೆಚ್ಚು ಆಸೆಯಿಂದ ಹೊರಟವರು ಅವರೇ. “ನನಗಾಗಿ ಯಾರೂ ನಿಲ್ಲಬೇಡಿ, ಹೋಗಿ ಬನ್ನಿ” ಎಂದರು. ಭಾವನವರು ಮಾತ್ರ ಒಪ್ಪದೆ ಅವರೊಡನೆ ಉಳಿದರು. ದಾರಿಯುದ್ದಕ್ಕೂ ವಾಹನದಲ್ಲಿ ಎರಡು ಆಸನಗಳು ಖಾಲಿಯಾಗಿಯೇ ಇದ್ದವು. ಚಾಂಗ್ ಲಾದಲ್ಲಿ ಹತ್ತು ಹೆಜ್ಜೆಗೇ ನನಗೆ ಏದುಸಿರು ಬಂದಾಗ ವೈದ್ಯರ ಮಾತಿನ ಬೆಲೆ ತಿಳಿಯಿತು.

ಇನ್ನು ಸರೋವರದ ವಿಚಾರ. ಉದ್ದ ಸುಮಾರು 134 ಕಿಲೋಮೀಟರ್, ಅತ್ಯಂತ ಅಗಲವಾದೆಡೆ 5 ಕಿಲೋಮೀಟರ್. ನೀರು ಉಪ್ಪು. ಬೆಟ್ಟದ ಮೇಲಿನ ನೀರು ಉಪ್ಪಾದದ್ದು ಹೇಗೆಂದು ಮಕ್ಕಳು ಕೇಳಿದರೆ ವಡಾಲದ ಉಪ್ಪಿನ ಆಗರಗಳನ್ನು ಉದಾಹರಿಸಬಹುದು. ಆಗರದಲ್ಲಿ ಸಮುದ್ರದ ನೀರನ್ನು ಕಟ್ಟಿಹಾಕಿದರೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಒಂದು ಕಾಲಕ್ಕೆ ಪ್ಯಾಂಗಾಂಗ್ ನೀರು ತಾಂಗ್ತ್ಸೆ ಕಡೆಗೆ ಹರಿದು ಶ್ಯೋಕ್ ನದಿಯನ್ನೂ ಅದರ ಮೂಲಕ ಸಿಂಧುವನ್ನೂ ಸೇರುತ್ತಿತ್ತು. ಆ ದಾರಿ ಮುಚ್ಚಿಹೋದ ಮೇಲೆ ತೊರೆಗಳು ಹೊತ್ತು ತಂದ ಲವಣಕ್ಕೆ ಹೊರಹೋಗುವ ಮಾರ್ಗವೇ ಇಲ್ಲವಾಯಿತು. ಉಪ್ಪಾದರೂ ಚಳಿಗಾಲದಲ್ಲಿ ಇಡೀ ಸರೋವರ ಹೆಪ್ಪುಗಟ್ಟುತ್ತದೆ. ಬಣ್ಣದ ಬಗ್ಗೆ ಹೇಳುವುದಾದರೆ, ಮೋಡ ಸರಿದಂತೆ ನೀಲಿ, ಹಸಿರು, ಬೂದು ಎಂದು ನೋಡನೋಡುತ್ತಲೇ ಬದಲಾಗುತ್ತದೆ. ಛಾಯಾಗ್ರಾಹಕರು ಹೆಚ್ಚೇನೂ ಸುಳ್ಳು ಹೇಳಿಲ್ಲ.

ಸರೋವರದ ಮೂರನೆಯ ಒಂದು ಭಾಗ ಮಾತ್ರ ನಮ್ಮ ವಶದಲ್ಲಿದೆ, ಉಳಿದದ್ದು ಚೀನಾದ ಹಿಡಿತದಲ್ಲಿದೆ. 1962ರ ಅಕ್ಟೋಬರಿನಲ್ಲಿ ಇದರ ಉತ್ತರ ದಡದ ಸಿರಿಜಾಪ್ ಠಾಣೆಯಲ್ಲಿ ಹೋರಾಡಿದ ಮೇಜರ್ ಧನ್ ಸಿಂಗ್ ಥಾಪಾ ಅವರಿಗೆ ಪರಮವೀರ ಚಕ್ರ ಸಂದಿತು. 2020ರ ಮೇ ತಿಂಗಳಿನಲ್ಲಿ ಇದೇ ದಡದಲ್ಲಿ ಎರಡೂ ಸೇನೆಗಳು ಎದುರುಬದುರಾದವು. 2021ರ ಫೆಬ್ರುವರಿಯಲ್ಲಿ ಇಲ್ಲಿಂದ ಹಿಂದೆ ಸರಿದವು. ಭಾರತೀಯರಿಗೆ ಇದ್ದ ಒಳಗಡಿ ಪರವಾನಗಿಯ ನಿಯಮ 2021ರ ಆಗಸ್ಟಿನಲ್ಲಿ ರದ್ದಾಯಿತಾದರೂ ಪರಿಸರ ಶುಲ್ಕ ತೆರಬೇಕು, ಗುರುತಿನ ಚೀಟಿ ಕೈಯಲ್ಲಿರಬೇಕು. ಹೊರರಾಜ್ಯದ ಪ್ರೀಪೇಯ್ಡ್ ಮೊಬೈಲ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲವೆಂಬುದನ್ನೂ ನೆನಪಿಡಿ.

ದಡದಲ್ಲಿ ಹಳದಿ ಸ್ಕೂಟರ್, ಚಿತ್ರದ ಭಿತ್ತಿಪತ್ರದಲ್ಲಿದ್ದಂಥ ಕುರ್ಚಿಗಳು ಸಿದ್ಧವಾಗಿರುತ್ತವೆ. ಹಣ ಕೊಟ್ಟು ಕುಳಿತು ಭಾವಚಿತ್ರ ತೆಗೆಸಿಕೊಳ್ಳಬಹುದು. ಸ್ಥಳೀಯರ ಜೀವನೋಪಾಯ, ಆಕ್ಷೇಪವೇನಿಲ್ಲ. ಚಿಂತೆ ಹುಟ್ಟಿಸುವುದು ಪ್ಲಾಸ್ಟಿಕ್ ಬಾಟಲಿ ಮತ್ತು ನೀರಿನ ಬಳಕೆ. ಲೇಹ್‌ನಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 100 ಮಿಲಿಮೀಟರ್. 2005ರ ಜುಲೈ 26ರಂದು ನಮ್ಮ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದಿತ್ತು! ಅಂಥ ಒಣನಾಡಿನಲ್ಲಿ ಬೆಳಿಗ್ಗೆ ಸ್ನಾನಕ್ಕೆ ಎರಡು ಬಕೆಟ್ ಬಿಸಿನೀರು ಕೇಳುವುದು ಸಲ್ಲದು.

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಹೋಗಲು ಯೋಗ್ಯ ಕಾಲ. ಸ್ಪಾಂಗ್ಮಿಕ್ ಗ್ರಾಮದಲ್ಲಿ ರಾತ್ರಿ ತಂಗುವ ಅನುಕೂಲವಿದೆ, ಆದರೆ ಅಲ್ಲಿ ನಿದ್ರೆ ಬಾರದವರೇ ಹೆಚ್ಚು. ಮುಂಜಾನೆ ದಡದಲ್ಲಿ ಪಟ್ಟೆತಲೆ ಹೆಬ್ಬಾತುಗಳನ್ನು ಕಂಡೆವು. ಲಡಾಖ್, ಟಿಬೆಟ್, ಮಂಗೋಲಿಯಾದ ಎತ್ತರದ ಸರೋವರಗಳಲ್ಲಿ ಮರಿಮಾಡುವ ಈ ಹಕ್ಕಿಗಳು ಚಳಿಗಾಲದಲ್ಲಿ ಹಿಮಾಲಯವನ್ನೇ ದಾಟಿ ಕರ್ನಾಟಕಕ್ಕೆ ಬರುತ್ತವೆ. ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಅವು ಸಾವಿರಗಟ್ಟಲೆ ಬಂದಿಳಿಯುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಮಾನ್ಯತೆಯೂ ದೊರೆತಿದೆ. ಚಾಂಗ್ ಲಾ ಏರಲಾರದ ಹಿರಿಯರಿಗೆ, ನಮ್ಮ ಅಕ್ಕನಿಗೂ, ನಾನು ಸೂಚಿಸುವ ಜಾಗ ಅದು. ಮುಂಬಯಿಯಿಂದ ಗದಗಕ್ಕೆ ನೇರ ರೈಲು ಇದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಹೊತ್ತು ಹೋದರೆ ಹಕ್ಕಿಗಳು ಸಿಗುತ್ತವೆ.