ಮಾಗಿಯ ಚಳಿಯೂ ಇಸಬೂ



ಮಾರ್ಗಶಿರ, ಪುಷ್ಯ ಮಾಸಗಳು ಬಂದುವೆಂದರೆ ನಮ್ಮ ತರಗತಿಗಳಲ್ಲಿ ಒಂದು ಸಂಗತಿಯನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಉಳಿದ ಕಾಲದಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತು, ಪ್ರಶ್ನೆ ಕೇಳಿದೊಡನೆ ಕೈಯೆತ್ತುತ್ತಿದ್ದ ವಿದ್ಯಾರ್ಥಿಯೊಬ್ಬನು ಈ ದಿನಗಳಲ್ಲಿ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಹಿಂದಿನ ಸಾಲನ್ನು ಸೇರುತ್ತಾನೆ. ವಿಚಾರಿಸಿದರೆ ತಿಳಿಯುವುದು ಇಷ್ಟು: ಮೊಣಕೈಯ ಮಡಿಕೆಯಲ್ಲಿಯೂ ಮಣಿಕಟ್ಟಿನಲ್ಲಿಯೂ ಚರ್ಮ ಒಡೆದು, ನವೆಯೆದ್ದು, ಕೆರೆದು ಹುಣ್ಣಾಗಿದೆ, ರಾತ್ರಿ ನಿದ್ರೆಯಿಲ್ಲ, ಪಕ್ಕದಲ್ಲಿ ಕೂರುವವರು ಸ್ವಲ್ಪ ಸರಿದು ಕೂರುತ್ತಾರೆ. ವ್ಯಾಧಿಯ ಬಾಧೆ ಒಂದು, ನಾಚಿಕೆಯ ಬಾಧೆ ಇನ್ನೊಂದು. ಈ ಎರಡನೆಯದಂತೂ ಕೇವಲ ಅಜ್ಞಾನದಿಂದ ಬಂದದ್ದು. ಆದುದರಿಂದ ಇಂದು ಈ ವ್ಯಾಧಿಯ ಸ್ವರೂಪವನ್ನೂ ಚಳಿಗಾಲದಲ್ಲಿ ಅದನ್ನು ಹತೋಟಿಯಲ್ಲಿಡುವ ಕ್ರಮವನ್ನೂ ವಿಚಾರಮಾಡೋಣ. ನಾವು ವೈದ್ಯರಲ್ಲ, ವೈದ್ಯಶಾಸ್ತ್ರವು ನಿಶ್ಚಯಿಸಿರುವುದನ್ನು ಗೃಹಸ್ಥರಿಗೆ ಉಪಯೋಗವಾಗುವಂತೆ ಹೇಳುವುದಷ್ಟೇ ನಮ್ಮ ಉದ್ದೇಶ.

ಕನ್ನಡದಲ್ಲಿ ಇದನ್ನು ಇಸಬು ಎನ್ನುತ್ತೇವೆ. ಇಂಗ್ಲಿಷಿನ ಹೆಸರು ಎಕ್ಸಿಮಾ. ಕುದಿದು ಉಕ್ಕುವುದು ಎಂಬ ಅರ್ಥದ ಗ್ರೀಕ್ ಪದದಿಂದ ಅದು ಬಂದಿದೆ. ಚರ್ಮದ ಮೇಲೆ ಸಣ್ಣ ಗುಳ್ಳೆಗಳೆದ್ದು ನೀರಾಡುವುದನ್ನು ನೋಡಿ ಹಿಂದಿನವರು ಆ ಹೆಸರನ್ನು ಕೊಟ್ಟಿರಬೇಕು. ನಮ್ಮ ಚರಕಸಂಹಿತೆಯು ಹದಿನೆಂಟು ಬಗೆಯ ಕುಷ್ಠಗಳನ್ನು ಎಣಿಸುವಾಗ ವಿಚರ್ಚಿಕೆಯೆಂಬ ಒಂದನ್ನು ಹೇಳಿ, ನವೆ, ಕಪ್ಪಾದ ಗುಳ್ಳೆ, ಸ್ರಾವ ಇವು ಅದರ ಲಕ್ಷಣಗಳೆನ್ನುತ್ತದೆ. ಇದೇ ಇಸಬೆಂದು ವೈದ್ಯರು ಅನೇಕರು ತಿಳಿಯುತ್ತಾರೆ. ಅಲ್ಲಿ ಕುಷ್ಠವೆಂದರೆ ಚರ್ಮವ್ಯಾಧಿಗಳಿಗೆಲ್ಲ ಸಾಮಾನ್ಯವಾದ ಹೆಸರು. ಬಳಿಕ ಲೋಕದಲ್ಲಿ ಆ ಶಬ್ದವು ಒಂದೇ ಒಂದು ಭಯಂಕರ ರೋಗಕ್ಕೆ ನಿಂತುಬಿಟ್ಟಿತು.

ಮೊದಲು ಮನಸ್ಸಿನಲ್ಲಿಡತಕ್ಕ ಮಾತು: ಇಸಬು ಅಂಟುರೋಗವಲ್ಲ. ರೋಗಿಯ ಕೈ ಹಿಡಿದರೂ, ಒಂದೇ ಬೆಂಚಿನಲ್ಲಿ ಕುಳಿತರೂ, ಒಂದೇ ಪಂಕ್ತಿಯಲ್ಲಿ ಉಂಡರೂ ಅದು ಇನ್ನೊಬ್ಬರಿಗೆ ಬಾರದು. ತುರಿಕಜ್ಜಿ ಬೇರೆ, ಹುಳುಕಡ್ಡಿ ಬೇರೆ, ಅವು ಅಂಟುವುವು. ಬೆರಳ ಸಂದುಗಳಲ್ಲಿ ಹುಟ್ಟಿ, ಮನೆಮಂದಿಗೆಲ್ಲ ರಾತ್ರಿ ನವೆ ತರುವುದು ಕಜ್ಜಿ. ಬಳೆಯಂತೆ ಅಂಚು ಎದ್ದು ನಡುವೆ ತಿಳಿಯಾಗಿ ಹರಡುವುದು ಹುಳುಕಡ್ಡಿ. ಇಸಬಾದರೋ ಎಳೆಯ ಮಕ್ಕಳಿಗೆ ಕೆನ್ನೆಯಲ್ಲಿ, ಬೆಳೆದವರಿಗೆ ಮೊಣಕೈ ಮೊಣಕಾಲುಗಳ ಮಡಿಕೆಯಲ್ಲಿ, ವೃದ್ಧರಿಗೆ ಒಣಗಿ ಬಿರಿದ ಕಣಕಾಲಿನಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಪಾಶ್ಚಾತ್ಯ ಗ್ರಂಥಗಳು ಚರ್ಮವು ಕೆಂಪಾಗುವುದೆಂದು ಬರೆಯುತ್ತವೆ. ನಮ್ಮ ಶ್ಯಾಮಲವರ್ಣದ ಚರ್ಮದಲ್ಲಿ ಆ ಕೆಂಪು ತೋರದೆ ಕಪ್ಪು, ಕಂದು ಅಥವಾ ಬೂದಿಯ ಬಣ್ಣವೇ ತೋರುವುದುಂಟು.

ಇನ್ನು ಕಾರಣ. ರಕ್ತ ಕೆಟ್ಟಿದೆಯೆಂದು ಮನೆಯ ಹಿರಿಯರು ಹೇಳುತ್ತಾರೆ. ವಿಜ್ಞಾನವು ಹೇಳುವುದು ಬೇರೆ. ನಮ್ಮ ಚರ್ಮದ ಹೊರಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಸತ್ತ ಜೀವಕೋಶಗಳೇ ಇಟ್ಟಿಗೆಗಳು. ಅವುಗಳ ನಡುವಣ ಜಿಡ್ಡಿನ ಪದಾರ್ಥಗಳೇ ಗಾರೆ. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನ ಧೂಳು, ಕ್ಷಾರ, ಸೂಕ್ಷ್ಮಜೀವಿಗಳು ಒಳಗೆ ಬಾರದಂತೆ ಈ ಗೋಡೆ ಕಾಯುತ್ತದೆ. ಇಸಬಿಗೆ ಒಳಗಾಗುವವರಲ್ಲಿ ಇದು ಹುಟ್ಟಿನಿಂದಲೇ ಸಡಿಲ. ಫಿಲಾಗ್ರಿನ್ ಎಂಬ ಪ್ರೋಟೀನು ಚರ್ಮವನ್ನು ಭದ್ರವಾಗಿಯೂ ತೇವವಾಗಿಯೂ ಇಡುತ್ತದೆಂದೂ, ಅದನ್ನು ನಿರ್ಮಿಸುವ ವಂಶವಾಹಿಯಲ್ಲಿನ ದೋಷವು ಅನೇಕ ರೋಗಿಗಳಲ್ಲಿ ಇರುವುದೆಂದೂ ೨೦೦೬ರಲ್ಲಿ ವಿದ್ವಾಂಸರು ತೋರಿಸಿಕೊಟ್ಟರು. ಗೋಡೆಯ ಬಿರುಕಿನಿಂದ ಒಳಹೊಕ್ಕ ವಸ್ತುಗಳ ಮೇಲೆ ದೇಹದ ರಕ್ಷಣಾಶಕ್ತಿ ಅತಿಯಾಗಿ ಕೆರಳುತ್ತದೆ; ಉರಿಯೂತವೂ ನವೆಯೂ ಉಂಟಾಗುತ್ತವೆ. ಕೆರೆದರೆ ಗೋಡೆ ಮತ್ತಷ್ಟು ಒಡೆಯುತ್ತದೆ. ಒಡೆದರೆ ನವೆ ಮತ್ತಷ್ಟು ಹೆಚ್ಚುತ್ತದೆ. ಒಂದೇ ಕುಟುಂಬದಲ್ಲಿ ಒಬ್ಬರಿಗೆ ಇಸಬು, ಇನ್ನೊಬ್ಬರಿಗೆ ಉಬ್ಬಸ ಇರುವುದೂ ಈ ಪ್ರಕೃತಿಯ ಸಂಬಂಧದಿಂದಲೇ. ಇದರಲ್ಲಿ ರೋಗಿಯ ತಪ್ಪಾಗಲಿ, ಹೆತ್ತ ತಾಯಿಯ ತಪ್ಪಾಗಲಿ ಏನೂ ಇಲ್ಲ.

ಹಾಗಾದರೆ ಮಾಗಿಯಲ್ಲೇ ಏಕೆ ಉಲ್ಬಣಿಸಬೇಕು? ತಣ್ಣನೆಯ ಗಾಳಿಯು ಹೆಚ್ಚು ನೀರಾವಿಯನ್ನು ಹೊರಲಾರದು. ೧೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನಮೀಟರು ಗಾಳಿ ಹೊರಬಲ್ಲ ನೀರಾವಿ ಸುಮಾರು ೧೩ ಗ್ರಾಂ. ೨೮ ಡಿಗ್ರಿಯಲ್ಲಿ ಸುಮಾರು ೨೭ ಗ್ರಾಂ. ಮುಂಜಾನೆ ಮಂಜು ಕವಿದು ಪೂರ್ಣವಾಗಿ ತೇವವಾಗಿದ್ದ ಗಾಳಿಯೇ ಮಧ್ಯಾಹ್ನ ೨೮ ಡಿಗ್ರಿಗೆ ಕಾದಾಗ, ತಾನು ಹೊರಬಲ್ಲುದರಲ್ಲಿ ಅರ್ಧದಷ್ಟು ನೀರನ್ನೂ ಹೊತ್ತಿರುವುದಿಲ್ಲ. ಅಂಥ ಬಾಯಾರಿದ ಗಾಳಿ ನಮ್ಮ ಚರ್ಮದಿಂದ ನೀರನ್ನು ಹೀರುತ್ತದೆ. ಭದ್ರವಾದ ಚರ್ಮವುಳ್ಳವರಿಗೆ ತುಟಿಯೊಡೆಯುವುದರಲ್ಲಿಯೇ ಮುಗಿಯುವ ಕಷ್ಟವು ಇಸಬಿನವರಿಗೆ ಹುಣ್ಣಾಗಿ ಪರಿಣಮಿಸುತ್ತದೆ.

ಇದರ ಮೇಲೆ ನಾವೇ ಮಾಡಿಕೊಳ್ಳುವ ಅನರ್ಥಗಳುಂಟು. ಇಸಬನ್ನು ಕೊಳೆಯೆಂದು ಬಗೆದು ಉಜ್ಜಿ ತೊಳೆಯುವುದೇ ಅವುಗಳಲ್ಲಿ ದೊಡ್ಡದು. ಹಂಡೆಯಿಂದ ಹೊಗೆಯಾಡುವ ನೀರನ್ನು ತೋಡಿಕೊಂಡು ಅರ್ಧ ಗಂಟೆ ಮೀಯುವುದು ಚಳಿಯಲ್ಲಿ ಹಿತವೇ ಸರಿ; ನವೆಯೂ ಆ ಕ್ಷಣಕ್ಕೆ ಅಡಗಿದಂತಾಗುತ್ತದೆ. ಆದರೆ ಬಿಸಿನೀರು ಗೋಡೆಯ ಗಾರೆಯನ್ನೇ ಕರಗಿಸಿ ಒಯ್ಯುತ್ತದೆ. ಚರ್ಮದ ಮೇಲ್ಮೈ ಸ್ವಭಾವತಃ ಸ್ವಲ್ಪ ಆಮ್ಲೀಯ. ಸಾಮಾನ್ಯ ಸಾಬೂನು ಕ್ಷಾರೀಯ. ಕ್ರಿಮಿನಾಶಕ ದ್ರವವನ್ನು ನೀರಿಗೆ ಬೆರೆಸುವುದು, ಒಡೆದ ಚರ್ಮಕ್ಕೆ ಬೇವಿನ ಸೊಪ್ಪನ್ನೋ ಬೆಳ್ಳುಳ್ಳಿಯನ್ನೋ ಅರೆದು ಮೆತ್ತುವುದು, ಇವು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ನಮ್ಮ ಅಭ್ಯಂಜನದಲ್ಲಿ ಎಣ್ಣೆ ಒತ್ತುವ ಭಾಗ ಒಳ್ಳೆಯದು. ಬಳಿಕ ಸುಡುನೀರು ಹುಯ್ದು, ಸೀಗೆಪುಡಿಯಿಂದ ತಿಕ್ಕಿ ಆ ಎಣ್ಣೆಯನ್ನೆಲ್ಲ ತೆಗೆಯುವ ಭಾಗ ಇಸಬಿನವರಿಗೆ ಸಲ್ಲದು.

ಕ್ರಮ ಹೀಗಿರಲಿ. ಸ್ನಾನ ದಿನಕ್ಕೊಮ್ಮೆ, ಉಗುರುಬೆಚ್ಚಗಿನ ನೀರಿನಲ್ಲಿ, ಐದರಿಂದ ಹತ್ತು ನಿಮಿಷ. ಸಾಬೂನು ಅಗತ್ಯವಾದ ಕಡೆ ಮಾತ್ರ, ಅದೂ ಸುಗಂಧವಿಲ್ಲದ ಮೃದುವಾದದ್ದು. ಮೈಯನ್ನು ಉಜ್ಜದೆ ಬಟ್ಟೆಯಿಂದ ಒತ್ತಿ ಒರೆಸಿ, ತೇವ ಆರುವ ಮೊದಲೇ, ಅಂದರೆ ಮೂರು ನಾಲ್ಕು ನಿಮಿಷಗಳೊಳಗೆ, ಜಿಡ್ಡನ್ನು ಲೇಪಿಸಬೇಕು. ಇದೇ ಇಡೀ ಚಿಕಿತ್ಸೆಯ ಬೆನ್ನೆಲುಬು. ಜಿಡ್ಡು ಎಂದರೆ ಬೆಲೆಬಾಳುವ ವಸ್ತುವೇ ಆಗಬೇಕಿಲ್ಲ. ೧೮೭೨ರಲ್ಲಿ ಅಮೆರಿಕೆಯಲ್ಲಿ ಪೇಟೆಂಟಾದ ವ್ಯಾಸಲೀನು ಇಂದಿಗೂ ಉತ್ತಮವಾದ ಲೇಪಗಳಲ್ಲಿ ಒಂದು. ತೆಂಗಿನೆಣ್ಣೆಯೂ ಅನೇಕರಿಗೆ ಒಗ್ಗುತ್ತದೆ. ೨೦೦೮ರಲ್ಲಿ ಫಿಲಿಪೀನ್ಸಿನ ವೈದ್ಯರು ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ ಅದು ಆಲಿವ್ ಎಣ್ಣೆಗಿಂತ ಮೇಲೆಂದು ಕಂಡುಬಂದಿತು. ಬೆರಳ ತುದಿಯಲ್ಲಿ ಸವರಿದರೆ ಸಾಲದು. ಮೈತುಂಬ ಇಸಬಿರುವ ಮಗುವಿಗೆ ವಾರಕ್ಕೆ ೨೫೦ರಿಂದ ೫೦೦ ಗ್ರಾಂ ಲೇಪ ಬೇಕೆಂದು ಬ್ರಿಟನ್ನಿನ ವೈದ್ಯರ ಸೂಚನೆಯಿದೆ. ವ್ಯಾಧಿ ಅಡಗಿರುವ ದಿನಗಳಲ್ಲಿಯೂ ಇದನ್ನು ಬಿಡಕೂಡದು.

ಉಣ್ಣೆಯ ಉಡುಪು ಚರ್ಮಕ್ಕೆ ನೇರವಾಗಿ ತಾಗದಂತೆ ಒಳಗೆ ಹತ್ತಿಯ ಬಟ್ಟೆ ಇರಲಿ. ಮಕ್ಕಳ ಉಗುರು ಸದಾ ಕತ್ತರಿಸಿರಲಿ. ಒಲೆಯ ಮುಂದೆ ಕುಳಿತು ಮೈ ಕಾಯಿಸಿಕೊಳ್ಳುವುದು ಬೇಡ. ಚರ್ಮ ಒಣಗುವುದಲ್ಲದೆ, ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬಲುಬೇಗ ಹತ್ತುತ್ತದೆ.

ಉರಿಯೂತ ಎದ್ದಾಗ ಜಿಡ್ಡೊಂದೇ ಸಾಲದು. ೧೯೫೨ರಿಂದ ಈಚೆಗೆ ಸ್ಟೀರಾಯ್ಡ್ ಲೇಪಗಳು ಈ ಕಾರ್ಯಕ್ಕೆ ಬಳಕೆಯಲ್ಲಿವೆ. ಇವುಗಳ ವಿಷಯದಲ್ಲಿ ನಮ್ಮ ಜನರು ಎರಡು ಕೊನೆಗಳಲ್ಲಿ ನಿಂತಿದ್ದಾರೆ. ಹೆಸರು ಕೇಳಿದೊಡನೆ ಹೆದರಿ, ಮಗುವು ರಾತ್ರಿಯೆಲ್ಲ ಅಳುತ್ತಿದ್ದರೂ ಹಚ್ಚದವರು ಕೆಲವರು. ಔಷಧದ ಅಂಗಡಿಯಲ್ಲಿ ಕೇಳಿ, ಸ್ಟೀರಾಯ್ಡ್ ಬೆರೆತ ಮುಲಾಮನ್ನು ತಿಂಗಳುಗಟ್ಟಲೆ ತಿಕ್ಕುವವರು ಹಲವರು. ಎರಡೂ ತಪ್ಪು. ವೈದ್ಯರು ಹೇಳಿದ ಬಲದ ಲೇಪವನ್ನು, ಹೇಳಿದಷ್ಟು ದಿನ, ತೆಳುವಾಗಿ ಹಚ್ಚಿದರೆ ಅದು ಮಿತ್ರ. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಲೇಪ ಸುಮಾರು ಅರ್ಧ ಗ್ರಾಂ. ಎರಡು ಅಂಗೈಯಗಲದ ಜಾಗಕ್ಕೆ ಅಷ್ಟು ಸಾಕು. ಮನಬಂದಂತೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹುಳುಕಡ್ಡಿಗೆ ಹಚ್ಚಿದರಂತೂ ಅದು ವೇಷ ಮರೆಸಿಕೊಂಡು ಹಬ್ಬುತ್ತದೆ.

ಪಥ್ಯದ ಮಾತೂ ಉಂಟು. ಬದನೆಕಾಯಿ ನಂಜು, ಹಾಲು ನಂಜು ಎಂದು ಒಂದೊಂದನ್ನೇ ಬಿಡಿಸುತ್ತ ಮಗುವಿನ ತಟ್ಟೆಯನ್ನು ಬರಿದು ಮಾಡುವ ಮನೆಗಳಿವೆ. ಕೆಲವು ಮಕ್ಕಳಿಗೆ ಕೆಲವು ಆಹಾರ ಒಗ್ಗದಿರುವುದು ನಿಜ. ಆದರೆ ಅದನ್ನು ವೈದ್ಯರು ಪರೀಕ್ಷಿಸಿ ನಿಶ್ಚಯಿಸಬೇಕು. ನವೆಯ ಜೊತೆಗೆ ನಿಶ್ಶಕ್ತಿಯನ್ನೂ ತರುವ ಪಥ್ಯವು ಪಥ್ಯವಲ್ಲ.

ಗಾಯದಲ್ಲಿ ಕೀವಾಡಿ ಹಳದಿಯ ಹೆಕ್ಕಳೆ ಕಟ್ಟಿದರೆ, ಅಥವಾ ನೋವುಳ್ಳ ಗುಳ್ಳೆಗಳು ಗುಂಪಾಗಿ ಎದ್ದು ಜ್ವರ ಬಂದರೆ, ಆ ದಿನವೇ ವೈದ್ಯರನ್ನು ಕಾಣತಕ್ಕದ್ದು. ಎರಡನೆಯದು ಸರ್ಪಿನ ಜಾತಿಯ ವಿಷಾಣುವಿನಿಂದ ಬರುವ ಅಪಾಯವಾಗಿರಬಹುದು, ವಿಳಂಬ ಸಲ್ಲದು.

ಇಸಬು ಬೇರುಸಹಿತ ಹೋಗುತ್ತದೆಂದು ವಾಗ್ದಾನ ಮಾಡುವವರನ್ನು ನಂಬಬೇಡಿ. ಅನೇಕ ಮಕ್ಕಳಲ್ಲಿ ವಯಸ್ಸಾದಂತೆ ಅದು ತಾನಾಗಿ ಇಳಿಯುತ್ತದೆ. ಉಳಿದವರಲ್ಲಿ ಹತೋಟಿಗೆ ಬರುತ್ತದೆ. ಸೋರುವ ಮಾಡಿಗೆ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ಗೃಹಸ್ಥನಂತೆ, ಕಾರ್ತಿಕ ಮುಗಿಯುವಷ್ಟರಲ್ಲಿ ಚರ್ಮದ ಆರೈಕೆಯನ್ನು ಆರಂಭಿಸಿದರೆ ಮಾಗಿಯು ಸುಖವಾಗಿ ಕಳೆದೀತು. ಆರೋಗ್ಯವಂತರಾದ ಉಳಿದವರು ಮಾಡಬೇಕಾದುದು ಇನ್ನೂ ಸುಲಭ: ಆ ಹುಡುಗನ ಪಕ್ಕದಿಂದ ಸರಿಯದೆ ಕೂರುವುದು. ಆಗ ಅವನು ಮತ್ತೆ ಕೈಯೆತ್ತಿಯಾನು.