ನೋವಿನ ಔಷಧಿ ಬರೆಯೋ ಪೆನ್ನು ಯಾರ ಕೈಯಲ್ಲಿರಬೇಕು?

ಇವತ್ತಿನ ಪ್ರಶ್ನೆ ಇಷ್ಟೇ: ಮಾರ್ಫಿನ್‌ನಂಥ ನಿಯಂತ್ರಿತ ಔಷಧಿಯ ಚೀಟಿಯನ್ನು ನರ್ಸ್ ಬರೆಯಬಹುದಾ?

ನನಗೆ ಈ ಪ್ರಶ್ನೆ ಹುಟ್ಟಿದ್ದು ನಮ್ಮ ಅಜ್ಜಿಯ ಕೊನೆಯ ದಿನಗಳಲ್ಲಿ. ಕ್ಯಾನ್ಸರ್ ಮೂಳೆಗೆ ಹರಡಿತ್ತು. ಒಂದು ಶನಿವಾರ ರಾತ್ರಿ ಕೊಡ್ತಿದ್ದ ಮಾತ್ರೆ ಸಾಲಲೇ ಇಲ್ಲ. ಮನೆಗೆ ಬಂದು ನೋಡ್ಕೊಳ್ತಿದ್ದ ಸಿಸ್ಟರ್, "ಡೋಸ್ ಹೆಚ್ಚಿಸ್ಬೇಕು ಅಂತ ನಂಗೂ ಗೊತ್ತಪ್ಪ. ಆದ್ರೆ ಡಾಕ್ಟ್ರು ಬರೀದೆ ನಾನು ಕೊಡೋ ಹಾಗಿಲ್ಲ" ಅಂದ್ರು. ಡಾಕ್ಟ್ರು ಸಿಕ್ಕಿದ್ದು ಸೋಮವಾರ. ಸಿಸ್ಟರ್ ತಪ್ಪೇನೂ ಇಲ್ಲ, ಕಾನೂನು ಇರೋದೇ ಹಾಗೆ.

ನಮ್ಮಲ್ಲಿ 1985ರಲ್ಲಿ ಮಾದಕ ವಸ್ತುಗಳ ತಡೆಗೆ ಎನ್‌ಡಿಪಿಎಸ್ ಕಾಯ್ದೆ ಬಂತು. ಬಿಗಿ ಲೈಸೆನ್ಸ್, ಕಠಿಣ ಶಿಕ್ಷೆ. ಆ ಭಯಕ್ಕೆ ಎಷ್ಟೋ ಆಸ್ಪತ್ರೆಗಳು, ಮೆಡಿಕಲ್ ಶಾಪ್‌ಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. ವಿಚಿತ್ರ ನೋಡಿ, ಮಾರ್ಫಿನ್ ಬರೋದು ಅಫೀಮಿನಿಂದ. ಅದನ್ನ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ರೈತರು ಸರ್ಕಾರದ ಲೈಸೆನ್ಸ್ ಪಡೆದೇ ಬೆಳೀತಾರೆ. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ ಆಸ್ಪತ್ರೆಗಳಿಗೆ ಲೈಸೆನ್ಸ್ ಕಾಟ ಕಡಿಮೆಯಾಯ್ತು. ಆದರೆ ಚೀಟಿ ಬರೆಯೋ ಪೆನ್ನು ಮಾತ್ರ ವೈದ್ಯರ ಕೈಯಲ್ಲೇ ಉಳೀತು.

ಬೇರೆ ದಾರಿ ಇದೆಯಾ? ಉಗಾಂಡದಲ್ಲಿ ಇದೆ. 1993ರಲ್ಲಿ ಡಾ. ಆ್ಯನ್ ಮೆರಿಮನ್ ಅಲ್ಲಿ 'ಹಾಸ್ಪೈಸ್ ಆಫ್ರಿಕಾ ಉಗಾಂಡ' ಶುರು ಮಾಡಿದ್ರು. ಮಾರ್ಫಿನ್ ಪುಡಿಯನ್ನ ನೀರಲ್ಲಿ ಕಲಸಿ, ಕುಡಿಯೋ ಔಷಧಿಯಾಗಿ ಬಾಟಲಿಗೆ ತುಂಬಿದ್ರು. ಅಗ್ಗದ ಔಷಧಿ ಸಿಕ್ತು. ಆದ್ರೆ ಹಳ್ಳಿಯಲ್ಲಿ ಅದನ್ನ ಬರೆದುಕೊಡೋಕೆ ಡಾಕ್ಟರೇ ಇಲ್ಲ! ಹಾಗಾಗಿ 2004ರಲ್ಲಿ ಅಲ್ಲಿನ ಸರ್ಕಾರ ನಿಯಮ ಬದಲಿಸಿ, ಉಪಶಾಮಕ ಆರೈಕೆಯಲ್ಲಿ ವಿಶೇಷ ತರಬೇತಿ ಪಡೆದ ನರ್ಸ್‌ಗಳಿಗೆ ಮತ್ತು ಕ್ಲಿನಿಕಲ್ ಆಫೀಸರ್‌ಗಳಿಗೆ ಮಾರ್ಫಿನ್ ಬರೆಯೋ ಅಧಿಕಾರ ಕೊಟ್ಟಿತು. ತರಬೇತಿ 9 ತಿಂಗಳದ್ದು.

ಬ್ರಿಟನ್ ಕೂಡ ಈ ದಾರಿ ಹಿಡೀತು. ಮಂಗಳೂರಲ್ಲಿ ಓದಿ ಅಲ್ಲಿಗೆ ಹೋದ ನರ್ಸ್ ಒಬ್ಬರು ಅಲ್ಲಿನ ಪ್ರಿಸ್ಕ್ರೈಬಿಂಗ್ ಕೋರ್ಸ್ ಮುಗಿಸಿ, ನೋಂದಣಿ ಮಾಡಿಸಿಕೊಂಡರೆ, ತಮ್ಮ ಪರಿಣತಿಯ ಮಿತಿಯಲ್ಲಿ ಮಾರ್ಫಿನ್ ಬರೆಯಬಹುದು. ಅದೇ ನರ್ಸ್ ವಾಪಸ್ ಬಂದು ಇಲ್ಲಿ ಕೆಲಸಕ್ಕೆ ಸೇರಿದ್ರೆ ಆ ಅಧಿಕಾರ ಇಲ್ಲ.

"ದುರ್ಬಳಕೆ ಆದ್ರೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಡೋಸ್ ಮಿತಿಮೀರಿದರೆ ಮಾರ್ಫಿನ್ ಉಸಿರನ್ನೇ ನಿಲ್ಲಿಸಬಲ್ಲದು. ಅಮೆರಿಕದಲ್ಲಿ ಇಂಥ ನೋವಿನ ಮಾತ್ರೆಗಳ ಚಟಕ್ಕೆ ಲಕ್ಷಾಂತರ ಜನ ಬಲಿಯಾಗಿದ್ದಾರೆ. ಆದ್ರೆ ಅಲ್ಲಿ ಆ ಮಾತ್ರೆಗಳನ್ನ ಬೇಕಾಬಿಟ್ಟಿ ಬರೆದವರಲ್ಲಿ ವೈದ್ಯರೂ ಇದ್ದರು. ಹಾಗಾಗಿ ಪದವಿ ಒಂದೇ ಕಾವಲಲ್ಲ. ತರಬೇತಿ, ಬೀಗ ಹಾಕಿದ ಕಪಾಟು, ಪ್ರತಿ ಡೋಸಿಗೂ ರಿಜಿಸ್ಟರ್‌ನಲ್ಲಿ ಲೆಕ್ಕ, ಮೇಲೊಬ್ಬರ ತಪಾಸಣೆ ಇವೆಲ್ಲ ಬೇಕು. ಎಲ್ಲ ನರ್ಸ್‌ಗಳಿಗೂ ಎಲ್ಲ ಔಷಧಿಯ ಅಧಿಕಾರ ಕೊಡಿ ಅಂತ ನಾನು ಹೇಳ್ತಿಲ್ಲ. ತರಬೇತಿ ಪಡೆದವರಿಗೆ, ಕೆಲವೇ ಔಷಧಿಗಳಿಗೆ, ಮಿತಿಯೊಳಗೆ ಕೊಡಬಹುದು ಅನ್ನೋದು ನನ್ನ ಅಭಿಪ್ರಾಯ.

ಕಾನೂನು ಬದಲಾಗೋವರೆಗೆ ಒಂದು ಮಾತು. ನಿಮ್ಮ ಮನೇಲಿ ಇಂಥ ನೋವಲ್ಲಿ ಯಾರಾದ್ರೂ ಇದ್ರೆ, ಡಾಕ್ಟರ್ ಹತ್ರ ಮೊದಲೇ ಕೇಳಿ: "ರಾತ್ರಿ ನೋವು ಜಾಸ್ತಿಯಾದ್ರೆ ಎಷ್ಟು ಕೊಡಬೇಕು? ಅದನ್ನೂ ಚೀಟಿಯಲ್ಲಿ ಬರೆದುಕೊಡಿ." ಹಾಗೆ ಬರೆದಿದ್ರೆ ಸಿಸ್ಟರ್ ಕೊಡಬಹುದು. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಉಪಶಾಮಕ ಆರೈಕೆ ಉಚಿತವಾಗಿಯೇ ಸಿಗುತ್ತೆ. ಇದೆಲ್ಲ ಆ ಶನಿವಾರ ನಮಗೆ ಗೊತ್ತಿರಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.