ಬ್ಯಾಂಕು ಕಟ್ಟಿದ ಗುಮಾಸ್ತೆ

ನೆಂಟರಿಷ್ಟರಿಗೆ ಹತ್ತು ರೂಪಾಯಿ ಕೈಗಡ ಕೊಡುವಾಗಲೂ ಹಿಂದುಮುಂದು ನೋಡುವ ನಾವು, ಮುಖಪರಿಚಯವೂ ಇಲ್ಲದ ಬ್ಯಾಂಕಿನವರ ವಶಕ್ಕೆ ನಮ್ಮ ಉಳಿತಾಯವನ್ನೆಲ್ಲ ಒಪ್ಪಿಸಿ, ನಿಶ್ಚಿಂತೆಯಿಂದ ಮನೆಗೆ ಬರುತ್ತೇವೆ. ಈ ನಂಬುಗೆಯು ಒಂದು ದಿನದಲ್ಲಿ ಹುಟ್ಟಿದುದಲ್ಲ. ಇದನ್ನು ನಮ್ಮ ದೇಶದಲ್ಲಿ ಬೆಳೆಸಿದವರ ಪೈಕಿ ಸರ್ ಸೊರಾಬ್ಜಿ ಪೋಚ್‌ಖಾನಾವಾಲಾ ಅವರು ಮುಖ್ಯರಾದವರು. ಅವರ ಚರಿತ್ರೆಯನ್ನು ತಿಳಿದರೆ, ಬ್ಯಾಂಕೆಂಬುದು ಯಾವ ಅಡಿಪಾಯದ ಮೇಲೆ ನಿಲ್ಲುವುದೆಂಬುದೂ ತಿಳಿದುಬರುತ್ತದೆ.

ಸೊರಾಬ್ಜಿಯವರು 1881ನೆಯ ಇಸವಿಯಲ್ಲಿ ಪಾರಸಿ ಮನೆತನವೊಂದರಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಮುಂಬಯಿಯ ಚಾರ್ಟರ್ಡ್ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಸೇರಿ, ತರುವಾಯ 1906ರಲ್ಲಿ ಆರಂಭವಾದ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೆಕ್ಕಪತ್ರದ ಕೆಲಸವನ್ನು ನೋಡಿಕೊಂಡರು. ಆ ಕಾಲದಲ್ಲಿ ದೊಡ್ಡ ಬ್ಯಾಂಕುಗಳ ಮೇಲಧಿಕಾರವೆಲ್ಲ ಸಾಮಾನ್ಯವಾಗಿ ಐರೋಪ್ಯರ ಕೈಯಲ್ಲಿದ್ದಿತು. ಭಾರತೀಯನು ಎಷ್ಟೇ ಜಾಣನಾದರೂ ಲೆಕ್ಕ ಬರೆಯಬಹುದಾಗಿತ್ತು. ಯಾರಿಗೆ ಸಾಲ ಕೊಡಬೇಕು, ಯಾರಿಗೆ ಕೊಡಬಾರದು ಎಂದು ತೀರ್ಮಾನಿಸುವ ಸ್ಥಾನವು ಅವನಿಗೆ ದೂರವಾಗಿತ್ತು. ಠೇವಣಿಯಿಡುವವರು ನಮ್ಮವರು, ವ್ಯಾಪಾರ ಮಾಡುವವರೂ ನಮ್ಮವರು; ಆದರೆ ನಡುವೆ ನಿಂತು ಹಣದ ಹರಿವನ್ನು ತಿರುಗಿಸುವವರು ಮಾತ್ರ ಹೊರಗಿನವರು. ಈ ಕೊರತೆಯನ್ನು ನೀಗಿಸಬೇಕೆಂಬ ಸಂಕಲ್ಪದಿಂದ ಸೊರಾಬ್ಜಿಯವರು 1911ನೆಯ ಡಿಸೆಂಬರ್ ತಿಂಗಳಿನಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾವನ್ನು ಸ್ಥಾಪಿಸಿದರು. ಆಗ ಅವರಿಗೆ ಮೂವತ್ತು ವರ್ಷ. ಭಾರತೀಯರದೇ ಬಂಡವಾಳ, ಭಾರತೀಯರದೇ ಆಡಳಿತ. ಸರ್ ಫಿರೋಜ್ ಷಾ ಮೆಹತಾ ಅವರು ಅದರ ಮೊದಲನೆಯ ಅಧ್ಯಕ್ಷರಾದರು.

ಬ್ಯಾಂಕು ಹುಟ್ಟಿ ಎರಡು ವರ್ಷ ತುಂಬುವುದರೊಳಗೆ ಅಗ್ನಿಪರೀಕ್ಷೆ ಎದುರಾಯಿತು. 1913ರಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕು ಬಾಗಿಲು ಮುಚ್ಚಿತು. ಅದೇ ವರ್ಷದ ಕೊನೆಯಲ್ಲಿ, ಬೆಳ್ಳಿಯ ಸಟ್ಟಾ ವ್ಯಾಪಾರದಲ್ಲಿ ತೊಡಗಿದ್ದ ಮುಂಬಯಿಯ ಇಂಡಿಯನ್ ಸ್ಪೀಸೀ ಬ್ಯಾಂಕೂ ನೆಲಕ್ಕುರುಳಿತು. ಅವುಗಳ ಹಿಂದೆ ಇನ್ನೂ ಅನೇಕ ಸ್ವದೇಶೀ ಬ್ಯಾಂಕುಗಳು ಮುಳುಗಿದುವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ನಾವು ಇಟ್ಟ ಠೇವಣಿಯು ಬ್ಯಾಂಕಿನ ತಿಜೋರಿಯಲ್ಲಿ ಹಾಗೆಯೇ ಕುಳಿತಿರುವುದಿಲ್ಲ. ಅದರಲ್ಲಿ ಒಂದು ಭಾಗ ಮಾತ್ರ ನಗದಾಗಿ ಉಳಿದು, ಮಿಕ್ಕುದು ವ್ಯಾಪಾರಿಗಳಿಗೂ ಕಾರಖಾನೆಗಳಿಗೂ ಸಾಲವಾಗಿ ಹೋಗಿರುತ್ತದೆ. ಎಲ್ಲರೂ ಒಂದೇ ದಿನ ಹಣ ಬೇಡುವುದಿಲ್ಲವೆಂಬ ಅನುಭವದ ಮೇಲೆ ಈ ಏರ್ಪಾಡೆಲ್ಲ ನಿಂತಿದೆ. ಬ್ಯಾಂಕು ಬೀಳುತ್ತದೆಂಬ ಗಾಳಿಮಾತು ಹಬ್ಬಿತೆಂದರೆ ಎಲ್ಲರೂ ಒಮ್ಮೆಗೇ ಬಾಗಿಲಿಗೆ ಮುತ್ತುತ್ತಾರೆ. ಆಗ ಕೊಟ್ಟ ಸಾಲಗಳು ಒಳ್ಳೆಯವೇ ಆಗಿದ್ದರೂ ತತ್‌ಕ್ಷಣ ಹಿಂದಕ್ಕೆ ಬಾರವು. ಹೀಗೆ ಸುಳ್ಳು ಸುದ್ದಿಯೇ ತನ್ನನ್ನು ತಾನು ನಿಜಮಾಡಿಕೊಳ್ಳುವುದುಂಟು. ಇಂದು ಇಂಥ ಸಮಯದಲ್ಲಿ ಕೈಹಿಡಿಯಲು ರಿಸರ್ವ್ ಬ್ಯಾಂಕಿದೆ. ಅದು ಆರಂಭವಾದುದು 1935ರಲ್ಲಿ. ಠೇವಣಿಗೆ ವಿಮೆಯ ರಕ್ಷಣೆ ದೊರೆತುದು 1962ರಿಂದೀಚೆಗೆ. 1913ರಲ್ಲಿ ಇವೆರಡೂ ಇರಲಿಲ್ಲ. ಅಂಥ ಬಿರುಗಾಳಿಯಲ್ಲಿ ಕೂಸಾಗಿದ್ದ ಸೆಂಟ್ರಲ್ ಬ್ಯಾಂಕು ಉಳಿದುಕೊಂಡಿತು. ಸ್ವದೇಶೀ ಎಂಬ ಹೆಸರೊಂದೇ ಬ್ಯಾಂಕನ್ನು ಕಾಯಲಾರದು, ಎಚ್ಚರವೇ ಕಾಯಬೇಕು ಎಂಬ ಪಾಠವನ್ನು ಆ ವರ್ಷವು ದೇಶಕ್ಕೆ ಕಲಿಸಿತು.

ಮುಂದೆ ಈ ಬ್ಯಾಂಕು ಹಣವಂತರ ಮನೆಯ ಬಾಗಿಲಿಗೆ ಮಾತ್ರ ಹೋಗದೆ ಸಾಮಾನ್ಯರ ಬಳಿಗೂ ನಡೆಯಿತು. 1921ರಲ್ಲಿ ಮನೆಯಲ್ಲಿಯೇ ಚಿಲ್ಲರೆ ಹಣವನ್ನು ಕೂಡಿಡುವ ಉಳಿತಾಯದ ಯೋಜನೆಯನ್ನು ತಂದಿತು. 1924ರಲ್ಲಿ ಸ್ತ್ರೀಯರಿಗಾಗಿಯೇ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಒಡವೆ, ದಸ್ತಾವೇಜುಗಳನ್ನು ಇಡಲು ಲಾಕರುಗಳನ್ನೂ, ಪ್ರವಾಸಿಗಳಿಗೆ ರೂಪಾಯಿ ಚೆಕ್ಕುಗಳನ್ನೂ 1926ರಲ್ಲಿ ಒದಗಿಸಿತು. ಗಡಿಗೆಯಲ್ಲಿಯೋ ಗೋಡೆಯ ಗೂಡಿನಲ್ಲಿಯೋ ಅಡಗಿರುತ್ತಿದ್ದ ಹಣವು ಈ ಬಗೆಯ ಅನುಕೂಲಗಳಿಂದ ಹೊರಬಂದು ದೇಶದ ಉದ್ಯಮಕ್ಕೆ ನೀರೆರೆಯತೊಡಗಿತು. ಇದರ ನಡುವೆ, 1923ರಲ್ಲಿ, ಟಾಟಾ ಇಂಡಸ್ಟ್ರಿಯಲ್ ಬ್ಯಾಂಕು ಸೆಂಟ್ರಲ್ ಬ್ಯಾಂಕಿನಲ್ಲಿ ಲೀನವಾಯಿತು.

ಸೊರಾಬ್ಜಿಯವರ ಕೀರ್ತಿ ಸಮುದ್ರವನ್ನೂ ದಾಟಿತು. ಸಿಂಹಳದ ಬ್ಯಾಂಕು ವ್ಯವಸ್ಥೆಯನ್ನು ಪರಿಶೀಲಿಸಲು 1934ರಲ್ಲಿ ನೇಮಕವಾದ ಆಯೋಗಕ್ಕೆ ಅವರೇ ಅಧ್ಯಕ್ಷರಾದರು. ಆ ದ್ವೀಪದ ಜನರಿಗೆ ಸಾಲದ ಅನುಕೂಲ ಸಾಲದೆಂದು ಕಂಡು, ಸರ್ಕಾರದ ನೆರವಿನಿಂದ ಅಲ್ಲಿ ಒಂದು ಬ್ಯಾಂಕನ್ನು ಸ್ಥಾಪಿಸಬೇಕೆಂದು ಆಯೋಗವು ಸಲಹೆಯಿತ್ತಿತು. ಅದರ ಫಲವಾಗಿ 1939ರಲ್ಲಿ ಬ್ಯಾಂಕ್ ಆಫ್ ಸಿಲೋನ್ ಉದಯಿಸಿತು. ತನ್ನ ನಾಡಿನಲ್ಲಿ ತಾನು ಕಂಡ ಕೊರತೆಯನ್ನು ನೆರೆಯ ನಾಡಿನಲ್ಲಿಯೂ ಗುರುತಿಸಿದ ಆ ಹಿರಿಯರು ಅದನ್ನು ಕಣ್ಣಾರೆ ಕಾಣಲಿಲ್ಲ. 1937ನೆಯ ಜುಲೈ ತಿಂಗಳಿನಲ್ಲಿಯೇ ಅವರು ಕಾಲವಾಗಿದ್ದರು.

ಅವರು ಸ್ಥಾಪಿಸಿದ ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಒಂದಾಗಿ, ಇಂದಿಗೂ ನಡೆಯುತ್ತಿದೆ. ಬ್ಯಾಂಕಿನ ಅಧಿಕಾರಿಯ ಕೈಯಲ್ಲಿರುವ ಹಣ ಅವನದಲ್ಲ; ಒಬ್ಬ ವಿಧವೆಯ ಜೀವನಾಂಶ, ಒಬ್ಬ ಉಪಾಧ್ಯಾಯನ ಮಗಳ ಮದುವೆಯ ಗಂಟು, ಒಬ್ಬ ರೈತನ ಮುಂದಿನ ವರ್ಷದ ಬಿತ್ತನೆಯ ಬೀಜ ಅದರಲ್ಲಿ ಸೇರಿರುತ್ತವೆ. ಲಾಭವನ್ನು ಹುಡುಕುವುದು ಅವನ ಕೆಲಸವಾದರೆ, ಕೇಳಿದ ದಿನ ಆ ಹಣವನ್ನು ಹಿಂದಕ್ಕೆ ಕೊಡುವುದು ಅವನ ಧರ್ಮ. ಇವೆರಡರಲ್ಲಿ ಎರಡನೆಯದನ್ನು ಮರೆತ ಬ್ಯಾಂಕುಗಳ ಹೆಸರು 1913ರ ಕಡತಗಳಲ್ಲಿ ಮಾತ್ರ ಉಳಿದಿದೆ.